ಹಳೆಯ ಪಿಕಪ್ ದುರಸ್ತಿ ಮತ್ತು ಮಾರ್ಪಾಡು: ಯಾವ ಕೆಲಸ ಮೊದಲು, ಯಾವುದು ಕೊನೆಗೆ?

ಹಳೆಯ ಚಾಸಿ:

ಹಳೆಯ ಪಿಕಪ್ ಒಂದನ್ನು ಮನೆಯ ಶೆಡ್ಡಿನಲ್ಲೇ ಸರಿಪಡಿಸಿ, ತಮ್ಮ ಇಷ್ಟಕ್ಕೆ ತಕ್ಕಂತೆ ಮಾರ್ಪಡಿಸಿಕೊಳ್ಳಬೇಕೆಂದು ಹೊರಡುವವರಲ್ಲಿ ಬಹಳ ಮಂದಿ ಉತ್ಸಾಹದ ಭರದಲ್ಲಿ ಮೊದಲು ಮಾಡುವ ಕೆಲಸವೆಂದರೆ ಇಡೀ ಗಾಡಿಯನ್ನು ಬಿಚ್ಚಿ ಹಾಕುವುದು. ಬಿಚ್ಚುವ ಕೆಲಸ ಬೇಗ ಸಾಗುತ್ತದೆ, ಸಾಗಿದ್ದು ಕಣ್ಣಿಗೂ ಕಾಣುತ್ತದೆ, ಆದ್ದರಿಂದ ಮನಸ್ಸಿಗೆ ಹಿತವಾಗಿರುತ್ತದೆ. ಆದರೆ ಕ್ಯಾಬಿನ್ ಒಂದು ಮೂಲೆಯಲ್ಲಿ, ಎಂಜಿನ್ ಇನ್ನೊಂದು ಮೂಲೆಯಲ್ಲಿ, ಬೋಲ್ಟುಗಳು ಯಾವುದು ಎಲ್ಲಿಯದೆಂಬ ಗುರುತಿಲ್ಲದ ಡಬ್ಬಿಗಳಲ್ಲಿ ಸೇರಿಕೊಂಡ ಮೇಲೆ ಆ ಗಾಡಿ ಮತ್ತೆ ರಸ್ತೆ ಕಾಣುವುದು ಕಷ್ಟ.

ನನ್ನ ವಾದ ಇಷ್ಟು: ಕೆಲಸವನ್ನು ಹಂತಗಳಾಗಿ ಮಾಡಿಕೊಳ್ಳಬೇಕು, ಮತ್ತು ಪ್ರತಿ ಹಂತ ಮುಗಿದಾಗಲೂ ಗಾಡಿ ತನ್ನ ಚಕ್ರಗಳ ಮೇಲೆ ನಿಂತು, ತನ್ನ ಶಕ್ತಿಯಿಂದಲೇ ಶೆಡ್ಡಿನಿಂದ ಹೊರಬಂದು, ಬ್ರೇಕ್ ಒತ್ತಿದಾಗ ನಿಲ್ಲುವಂತಿರಬೇಕು. ಹಾಗಾದರೆ ಬ್ರೇಕ್ ಮತ್ತು ಸ್ಟೀರಿಂಗ್ ಮೊದಲು ಬರುತ್ತವೆ, ಇಂಧನ ಮತ್ತು ವೈರಿಂಗ್ ಅದರ ಹಿಂದೆ, ತಗಡಿನ ಕೆಲಸ ಆಮೇಲೆ, ಬಣ್ಣ ಎಲ್ಲಕ್ಕಿಂತ ಕೊನೆಗೆ. ಗಾಡಿ ತಗ್ಗಿಸುವುದು, ಚಕ್ರ ಬದಲಿಸುವುದು, ಬೇರೆ ಎಂಜಿನ್ ಕೂರಿಸುವುದು ಮುಂತಾದ ಮಾರ್ಪಾಡುಗಳ ನಿರ್ಧಾರವನ್ನು, ಗಾಡಿಯನ್ನು ಸ್ವಲ್ಪ ಕಾಲ ಓಡಿಸಿ ಅದರ ಸ್ವಭಾವ ತಿಳಿದ ಮೇಲೆ ತೆಗೆದುಕೊಂಡರೆ ಒಳ್ಳೆಯದು.

ಈ ಎಲ್ಲಕ್ಕೂ ಮುಂಚೆ ಒಂದು ತಪಾಸಣೆ ಅಗತ್ಯ. ಹಳೆಯ ಪಿಕಪ್‌ಗಳಲ್ಲಿ ಬಾಡಿಯ ಭಾರವನ್ನೆಲ್ಲ ಏಣಿಯಾಕಾರದ ಚಾಸಿಯೇ ಹೊರುತ್ತದೆ. ಆದ್ದರಿಂದ ಬಾಗಿಲಿನ ಕೆಳಗಿನ ತುಕ್ಕು ನೋಡಿ ಹೆದರಬೇಕಿಲ್ಲ, ಹೊರಗೆ ಹೊಳೆಯುವ ಬಣ್ಣ ನೋಡಿ ನಂಬಲೂಬಾರದು. ಸಣ್ಣ ಸುತ್ತಿಗೆ ಮತ್ತು ಚೂಪಾದ ದಬ್ಬಣ ಹಿಡಿದು ಗಾಡಿಯ ಅಡಿಗೆ ಹೋಗಿ, ಚಾಸಿಯ ಉದ್ದಕ್ಕೂ ತಟ್ಟುತ್ತಾ ಬನ್ನಿ. ಗಟ್ಟಿ ಲೋಹ ಠಣ್ಣೆಂದು ನಾದ ಕೊಡುತ್ತದೆ, ಒಳಗೊಳಗೇ ತಿಂದುಹೋದ ಲೋಹದ ಸದ್ದು ಮಂಕಾಗಿರುತ್ತದೆ. ಹಾಗೆ ಮಂಕಾಗಿ ಕೇಳಿದಲ್ಲಿ ದಬ್ಬಣ ಒತ್ತಿ ನೋಡಬೇಕು. ಲೀಫ್ ಸ್ಪ್ರಿಂಗಿನ ಹ್ಯಾಂಗರ್‌ಗಳು ಚಾಸಿಗೆ ಸೇರುವ ಜಾಗ, ಎರಡು ತಗಡುಗಳು ಒಂದರ ಮೇಲೊಂದು ಕೂತು ನಡುವೆ ಕೆಸರು ನಿಲ್ಲುವ ಜಾಗ, ಸ್ಟೀರಿಂಗ್ ಬಾಕ್ಸ್ ಕೂತಿರುವ ಜಾಗ, ಇವನ್ನು ಮಾತ್ರ ಎಷ್ಟು ಹೊತ್ತು ನೋಡಿದರೂ ಹೆಚ್ಚಾಗುವುದಿಲ್ಲ. ಕ್ಯಾಬಿನ್ನಿನಲ್ಲಿ ನೆಲದ ತಗಡು, ಬಾಗಿಲಿನ ಕೆಳಗಿನ ಹೊಸ್ತಿಲು ಮತ್ತು ಹಿಂದಿನ ಎರಡು ಕೆಳಮೂಲೆಗಳು ಸಾಮಾನ್ಯವಾಗಿ ಮೊದಲು ಕೊಳೆಯುತ್ತವೆ.

ಬೆಸುಗೆ:

‘ಹಳೆಯ ಚಾಸಿ’ ಅವರೇ, ನಿಮ್ಮ ಕ್ರಮವನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಅದನ್ನು ಎಲ್ಲ ಗಾಡಿಗಳಿಗೂ ನಿಯಮವೆಂದು ಹೇಳುವುದಕ್ಕೆ ನನ್ನ ಆಕ್ಷೇಪವಿದೆ. ಕ್ಯಾಬಿನ್ ಮೌಂಟ್‌ಗಳು (ಕ್ಯಾಬಿನ್ ಚಾಸಿಯ ಮೇಲೆ ಕೂರುವ ಆಧಾರಗಳು) ತುಕ್ಕಿನಿಂದ ಕರಗಿಹೋಗಿದ್ದರೆ ಅಥವಾ ಚಾಸಿಯ ಮೇಲ್ಮುಖವೇ ತಿಂದುಹೋಗಿದ್ದರೆ, ಬಾಡಿಯನ್ನು ಎತ್ತದೆ ಅಲ್ಲಿ ಪ್ರಾಮಾಣಿಕವಾಗಿ ಕೆಲಸ ಮಾಡಲು ಸಾಧ್ಯವಿಲ್ಲ. ಅಂಥ ಗಾಡಿಗೆ ಮೊದಲು ಹೊಸ ಬ್ರೇಕ್ ಪೈಪ್ ಎಳೆದು, ಆಮೇಲೆ ಅದನ್ನೇ ಬಿಚ್ಚಿ ವೆಲ್ಡಿಂಗ್ ಮಾಡುವುದು ಎರಡು ಸಲದ ಕೆಲಸ. ತಪಾಸಣೆಯಲ್ಲಿ ಚಾಸಿ ಸೋತರೆ ಬಾಡಿ ಎತ್ತಬೇಕು, ಚಾಸಿ ಗೆದ್ದರೆ ನೀವು ಹೇಳಿದ ಹಾಗೆ ಹಂತಹಂತವಾಗಿ ಸಾಗಬೇಕು ಎಂಬುದು ನನ್ನ ನಿಲುವು.

ಎತ್ತುವವರಿಗೆ ಒಂದು ವಿಷಯವನ್ನು ವಿವರವಾಗಿ ಹೇಳುತ್ತೇನೆ. ಕ್ಯಾಬಿನ್ ಮತ್ತು ಚಾಸಿಯ ನಡುವೆ, ರಬ್ಬರ್ ಪ್ಯಾಡಿನ ಜೊತೆಗೆ ತೆಳುವಾದ ಉಕ್ಕಿನ ಶಿಮ್‌ಗಳಿರುತ್ತವೆ. ಒಂದು ಮೌಂಟಿನಲ್ಲಿ ಎರಡು, ಇನ್ನೊಂದರಲ್ಲಿ ಒಂದೂ ಇಲ್ಲದಿರಬಹುದು. ಕಾರ್ಖಾನೆಯಲ್ಲಿ ಬಾಗಿಲುಗಳ ಸಂದು ಸಮವಾಗಿ ಬರಲೆಂದು ಒಬ್ಬೊಬ್ಬ ಕೆಲಸಗಾರ ಕಣ್ಣಳತೆಯಲ್ಲಿ ಕೂರಿಸಿದ ತುಂಡುಗಳು ಅವು. ಅವನ್ನು ಮೌಂಟಿನ ಸ್ಥಾನ ಬರೆದ ಚೀಲಗಳಲ್ಲಿ ಬೇರೆ ಬೇರೆಯಾಗಿ ಇಡದಿದ್ದರೆ, ಮರಳಿ ಕೂರಿಸಿದ ಮೇಲೆ ಬಾಗಿಲು ಯಾಕೆ ಮುಚ್ಚುತ್ತಿಲ್ಲವೆಂದು ಹುಡುಕುವುದರಲ್ಲಿಯೇ ಕಾಲ ಹೋಗುತ್ತದೆ. ಹಾಗೆಯೇ ಹೊಸ್ತಿಲಿನ ತಗಡು ಕತ್ತರಿಸುವ ಮುಂಚೆ ಬಾಗಿಲಿನ ಚೌಕಟ್ಟಿನೊಳಗೆ ಅಡ್ಡಡ್ಡ ಕಬ್ಬಿಣದ ಪಟ್ಟಿ ಬೆಸೆದು ಕಟ್ಟಬೇಕು. ಕೆಳಗಿನ ಆಧಾರ ತೆಗೆದ ಕೂಡಲೇ ಕ್ಯಾಬಿನ್ ಕುಸಿಯುವುದು ಕೆಲವೇ ಮಿಲಿಮೀಟರ್, ಆದರೆ ಅಷ್ಟೇ ಸಾಕು, ಬಾಗಿಲಿನ ಲಾಚ್ ಮತ್ತೆ ಎದುರಾಗಿ ಕೂರುವುದಿಲ್ಲ.

ತೆಳು ತಗಡಿಗೆ, ತಂತಿ ತಾನಾಗಿಯೇ ಹೊರಬರುತ್ತಾ ಬೆಸೆಯುವ ಮಿಗ್ ವೆಲ್ಡಿಂಗಿನಲ್ಲಿ 0.6 ಮಿಲಿಮೀಟರ್ ತಂತಿ ಹೊಂದುತ್ತದೆ. ಉದ್ದಕ್ಕೆ ಎಳೆಯಬೇಡಿ. ಒಂದು ಚುಕ್ಕೆ ಇಲ್ಲಿ, ಮುಂದಿನದು ಒಂದು ಗೇಣು ಆಚೆ, ಹೀಗೆ ಹಾರಿ ಹಾರಿ ಟ್ಯಾಕ್ ಹಾಕಿ, ಮುಟ್ಟಿದರೆ ಕೈ ಸುಡದಷ್ಟು ತಣ್ಣಗಾದ ಮೇಲೆ ನಡುವಿನ ಜಾಗ ತುಂಬಬೇಕು. ಶಾಖ ಒಂದೇ ಕಡೆ ಸೇರಿದರೆ ತಗಡು ಅಲೆಯೇಳುತ್ತದೆ, ಆಮೇಲೆ ಅದನ್ನು ಮುಚ್ಚಲು ಪುಟ್ಟಿ ಬಳಿಯಬೇಕಾಗುತ್ತದೆ. ಚಾಸಿಯ ವೆಲ್ಡಿಂಗ್ ಬೇರೆಯೇ ವಿದ್ಯೆ. ಅಲ್ಲಿ ತೇಪೆಯ ತುಂಡನ್ನು ಚೌಕವಾಗಿ ಕತ್ತರಿಸಿ ಲಂಬವಾಗಿ ಬೆಸೆಯಬಾರದು, ತುದಿಗಳನ್ನು ಓರೆಯಾಗಿ ವಜ್ರಾಕೃತಿಯಲ್ಲಿ ಕತ್ತರಿಸಬೇಕು, ಏಕೆಂದರೆ ಚಾಸಿ ಬಾಗುವಾಗ ನೆಟ್ಟಗಿನ ಬೆಸುಗೆಯ ಅಂಚಿನಲ್ಲೇ ಬಿರುಕು ಹುಟ್ಟುತ್ತದೆ. ಚಾಸಿಯ ಮೇಲಿನ ಮತ್ತು ಕೆಳಗಿನ ಚಾಚುಗಳಲ್ಲಿ ರಂಧ್ರ ಕೊರೆಯುವುದೂ ಸಲ್ಲದು, ಅತಿ ಹೆಚ್ಚು ಒತ್ತಡ ಬೀಳುವುದು ಅಲ್ಲಿಯೇ. ತೆಳು ತಗಡಿನಲ್ಲಿ ಕೈ ಪಳಗದವರು ಚಾಸಿಗೆ ಕೈ ಹಾಕದೆ, ಬಲ್ಲವರನ್ನು ಕರೆಸಿ ಮಾಡಿಸುವುದು ಸರಿ.

ಮಂದಗತಿ:

ಇಬ್ಬರಿಗೂ ಧನ್ಯವಾದಗಳು. ನನ್ನಲ್ಲಿರುವ ಗಾಡಿ ಬಹಳ ವರ್ಷ ನಿಂತಲ್ಲೇ ನಿಂತಿತ್ತು. ಚಾಸಿ ಗಟ್ಟಿಯಾಗಿದೆ, ದಬ್ಬಣ ಎಲ್ಲಿಯೂ ಒಳಹೋಗಲಿಲ್ಲ. ಆದರೆ ಎಂಜಿನ್ ತಿರುಗುತ್ತಿಲ್ಲ, ಮತ್ತು ಎಂಜಿನ್ನಿನ ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ನಟ್‌ಗಳಿಗೆ ಸ್ಪ್ಯಾನರ್ ಹಾಕಲೂ ಭಯವಾಗುತ್ತದೆ. ಬ್ಯಾಟರಿ ಜೋಡಿಸಿ ಸ್ಟಾರ್ಟರ್ ಕೊಟ್ಟು ನೋಡಬಹುದೇ? ಈ ಗಾಡಿಗೆ ಈಗಿನ ಪೆಟ್ರೋಲ್ ಹಾಕಿದರೆ ಏನಾದರೂ ತೊಂದರೆಯುಂಟೇ?

ಹಳೆಯ ಚಾಸಿ:

ಸ್ಟಾರ್ಟರ್ ಕೊಡಬೇಡಿ. ನಿಂತ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗ್‌ಗಳು ಸಿಲಿಂಡರ್ ಗೋಡೆಗೆ ತುಕ್ಕಿನಿಂದ ಅಂಟಿರುತ್ತವೆ, ವಾಲ್ವ್‌ಗಳು ಗೈಡಿನಲ್ಲಿ ಸಿಕ್ಕಿಕೊಂಡಿರಬಹುದು. ಸ್ಟಾರ್ಟರಿನ ಬಲಕ್ಕೆ ರಿಂಗ್ ಮುರಿದರೆ ಅಥವಾ ವಾಲ್ವ್ ಎತ್ತುವ ಪುಶ್‌ರಾಡ್ ಬಾಗಿದರೆ, ಬದುಕಬಹುದಾಗಿದ್ದ ಎಂಜಿನ್ ಬಿಚ್ಚಲೇಬೇಕಾಗುತ್ತದೆ. ಸ್ಪಾರ್ಕ್ ಪ್ಲಗ್‌ಗಳನ್ನೆಲ್ಲ ತೆಗೆದು, ಪ್ರತಿ ಸಿಲಿಂಡರಿಗೂ ತುಕ್ಕು ಬಿಡಿಸುವ ತೆಳು ಎಣ್ಣೆಯನ್ನೋ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಯನ್ನೋ ಸುರಿದು ಕೆಲವು ದಿನ ಬಿಡಿ. ಮತ್ತೆ ಮತ್ತೆ ಎಣ್ಣೆ ಸೇರಿಸಿ. ಆಮೇಲೆ ಕ್ರ್ಯಾಂಕ್ ಶಾಫ್ಟಿನ ಮುಂದಿನ ಬೋಲ್ಟಿಗೆ ಉದ್ದನೆಯ ಹಿಡಿಯ ಸ್ಪ್ಯಾನರ್ ಹಾಕಿ, ಒಂದು ಕಡೆಗೆ ಸ್ವಲ್ಪ, ಇನ್ನೊಂದು ಕಡೆಗೆ ಸ್ವಲ್ಪ, ಹೀಗೆ ಆಡಿಸಬೇಕು. ಬೋಲ್ಟೇ ಸಡಿಲವಾಗತೊಡಗಿದರೆ ಬಲ ಸಾಕೆಂದು ತಿಳಿದು ಮತ್ತೆ ಎಣ್ಣೆಗೆ ಬಿಡಬೇಕು. ಸುತ್ತು ತಿರುಗತೊಡಗಿದ ಮೇಲೆ ವಾಲ್ವ್ ಕವರ್ ತೆಗೆದು, ಎಲ್ಲ ವಾಲ್ವ್‌ಗಳೂ ಏರಿಳಿಯುತ್ತಿವೆಯೇ ಎಂದು ಕಣ್ಣಾರೆ ನೋಡಿ. ಎಂಜಿನ್ ಆಯಿಲ್ ಬದಲಿಸಿದ ನಂತರ, ಪ್ಲಗ್‌ಗಳನ್ನು ಹಾಕದೆಯೇ ಸ್ಟಾರ್ಟರ್ ತಿರುಗಿಸಿ, ಆಯಿಲ್ ಪ್ರೆಶರ್ ಮುಳ್ಳು ಮೇಲೇಳುವುದನ್ನು ಖಚಿತಪಡಿಸಿಕೊಂಡು ಮುಂದುವರಿಯಿರಿ.

ಸಿಲಿಂಡರಿನೊಳಗೆ ಎಷ್ಟು ಒತ್ತಡ ಕಟ್ಟುತ್ತದೆಂದು ಅಳೆಯುವ ಕಂಪ್ರೆಶನ್ ಪರೀಕ್ಷೆಯನ್ನು ಥ್ರಾಟಲ್ ಪೂರ್ತಿ ತೆರೆದು ಮಾಡಬೇಕು. ಅತಿ ಕಡಿಮೆ ಇರುವ ಸಿಲಿಂಡರ್, ಅತಿ ಹೆಚ್ಚಿರುವುದರ ಶೇ. 75ಕ್ಕಿಂತ ಕೆಳಗಿರಬಾರದೆಂಬುದು ರೂಢಿಯ ಲೆಕ್ಕ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಅಂಕಿ ಏರಿದರೆ ಸೋರಿಕೆ ರಿಂಗಿನದು, ಏರದಿದ್ದರೆ ವಾಲ್ವಿನದು ಎಂದು ತಿಳಿಯಬಹುದು.

ಮ್ಯಾನಿಫೋಲ್ಡ್ ನಟ್‌ಗಳ ವಿಷಯದಲ್ಲಿ ನಿಮ್ಮ ಭಯ ಸರಿಯಾದದ್ದೇ. ದಿನವೂ ಎಣ್ಣೆ ಹಾಕಿ, ನಟ್ಟನ್ನು ಬಿಚ್ಚುವ ಮುಂಚೆ ಸ್ವಲ್ಪ ಬಿಗಿಸುವ ಕಡೆಗೆ ತಿರುಗಿಸಿ ನೋಡಿ, ತುಕ್ಕಿನ ಪದರ ಒಡೆಯಲು ಅದು ನೆರವಾಗುತ್ತದೆ. ಆಗಲೂ ಬಿಡದಿದ್ದರೆ ಎಣ್ಣೆಯನ್ನೆಲ್ಲ ಒರೆಸಿ ನಟ್ಟನ್ನು ಕೆಂಪಗಾಗುವಷ್ಟು ಕಾಯಿಸಬೇಕು, ಆದರೆ ಇಂಧನದ ಪೈಪು ಮತ್ತು ಕಾರ್ಬೊರೇಟರ್ ಗಾಡಿಯಲ್ಲಿರುವಾಗ ಖಂಡಿತ ಬೇಡ.

ಪೆಟ್ರೋಲಿನ ಪ್ರಶ್ನೆಗೆ ಎರಡು ಮುಖಗಳಿವೆ. ಸೀಸ ಬೆರೆಸಿದ ಪೆಟ್ರೋಲಿನ ಕಾಲದ ಎಂಜಿನ್‌ಗಳಲ್ಲಿ ಎಕ್ಸಾಸ್ಟ್ ವಾಲ್ವ್ ಸೀಟುಗಳು ಮೆದುವಾಗಿದ್ದು, ಸೀಸದ ಲೇಪವೇ ಅವುಗಳಿಗೆ ರಕ್ಷಣೆಯಾಗಿತ್ತು. ಈಗಿನ ಪೆಟ್ರೋಲಿನಲ್ಲಿ ಆ ಸೀಸವಿಲ್ಲ, ಆದರೂ ಮೆಲ್ಲಗೆ, ಹಗುರ ಭಾರಕ್ಕೆ ಓಡಿಸುವ ಗಾಡಿಗೆ ಇದರಿಂದ ತಕ್ಷಣದ ಅಪಾಯವಿಲ್ಲ. ಹೆಡ್ ಬಿಚ್ಚುವ ಸಂದರ್ಭ ಬಂದಾಗ ಗಟ್ಟಿ ಸೀಟುಗಳನ್ನು ಹಾಕಿಸಿಕೊಂಡರೆ ಸಾಕು. ಎಥನಾಲ್ ಬೆರೆತ ಪೆಟ್ರೋಲ್ ಹೆಚ್ಚು ಅವಸರದ ಸಮಸ್ಯೆ. ಅದು ಹಳೆಯ ರಬ್ಬರ್ ಹೋಸ್‌ಗಳನ್ನೂ ಫ್ಯುಯೆಲ್ ಪಂಪಿನ ಡಯಾಫ್ರಮ್ಮನ್ನೂ ಮೆತ್ತಗಾಗಿಸಿ ಬಿರುಕು ಬಿಡಿಸುತ್ತದೆ, ಜೊತೆಗೆ ತೇವವನ್ನು ಹೀರಿಕೊಂಡು ಟ್ಯಾಂಕಿನ ಒಳಗೆ ತುಕ್ಕು ಹಿಡಿಸುತ್ತದೆ. ರಬ್ಬರಿನದೆಲ್ಲವನ್ನೂ ಎಥನಾಲ್ ತಾಳುವ ಹೊಸದಕ್ಕೆ ಬದಲಿಸದೆ ಎಂಜಿನ್ ಚಾಲೂ ಮಾಡಬೇಡಿ.

ಬೆಸುಗೆ:

ಟ್ಯಾಂಕಿನ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಹೆಚ್ಚು ಅಪಾಯಕಾರಿ, ಏಕೆಂದರೆ ಸ್ಫೋಟಿಸುವುದು ದ್ರವವಲ್ಲ, ಗಾಳಿಯೊಂದಿಗೆ ಬೆರೆತ ಆವಿ. ವರ್ಷಗಟ್ಟಲೆ ಒಣಗಿದ ಟ್ಯಾಂಕಿನಲ್ಲೂ ಆ ಆವಿ ಉಳಿದಿರುತ್ತದೆ. ಮನೆಯಲ್ಲಿ ಟ್ಯಾಂಕಿಗೆ ಬೆಂಕಿ ತೋರಿಸುವ ಯಾವ ಕೆಲಸವೂ ಬೇಡ. ಇನ್ನೊಂದು ಮಾತು, ವೆಲ್ಡಿಂಗ್ ಮಾಡುವ ಜಾಗವನ್ನು ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್‌ನಿಂದ ಒರೆಸಬಾರದು. ಅದರ ಶೇಷ ಆರ್ಕಿನ ಶಾಖಕ್ಕೆ ಫಾಸ್ಜೀನ್ ಎಂಬ ವಿಷಾನಿಲವಾಗಿ ಬದಲಾಗುತ್ತದೆ.

ನಾಲ್ಕು ಡ್ರಮ್:

ಬ್ರೇಕ್ ಮೊದಲು ಎಂಬ ಮಾತನ್ನು ಮೇಲೆ ಹೇಳಿ ಮುಂದೆ ಸಾಗಿದ್ದೀರಿ. ಅದು ಇನ್ನಷ್ಟು ವಿವರಕ್ಕೆ ಅರ್ಹವಾದ ವಿಷಯ ಎಂದು ನನಗನಿಸುತ್ತದೆ.

1960ರ ದಶಕದ ಉತ್ತರಾರ್ಧದವರೆಗಿನ ಬಹಳಷ್ಟು ಪಿಕಪ್‌ಗಳಲ್ಲಿ ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್ ಇದ್ದು, ಎಲ್ಲಕ್ಕೂ ಒಂದೇ ಕೋಣೆಯ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ದ್ರವವನ್ನು ಚಕ್ರಗಳ ಕಡೆಗೆ ತಳ್ಳುವ ಭಾಗ) ಇರುತ್ತದೆ. ಇದರ ಅರ್ಥ, ಚಕ್ರದ ಬಳಿ ಬ್ರೇಕ್ ಶೂಗಳನ್ನು ತಳ್ಳುವ ಯಾವುದೋ ಒಂದು ವೀಲ್ ಸಿಲಿಂಡರಿನ ರಬ್ಬರ್ ಬೂಟಿನ ಅಂಚಿನಲ್ಲಿ ಒಂದು ತೊಟ್ಟು ದ್ರವ ಜಿನುಗತೊಡಗಿ, ಕಡೆಗೊಂದು ದಿನ ಆ ಕಪ್ ಸೀಲ್ ಕೈಕೊಟ್ಟರೆ, ನಾಲ್ಕು ಚಕ್ರಗಳ ಬ್ರೇಕೂ ಒಟ್ಟಿಗೇ ಹೋಗುತ್ತದೆ. ಎರಡು ಕೋಣೆಯ ಮಾಸ್ಟರ್ ಸಿಲಿಂಡರಿನಲ್ಲಿ ಮುಂದಿನದು ಹೋದರೂ ಹಿಂದಿನದು ಉಳಿಯುತ್ತದೆ. ಮೂಲ ಸ್ವರೂಪ ಕಾಪಾಡಬೇಕೆನ್ನುವವರನ್ನು ನಾನು ಗೌರವಿಸುತ್ತೇನೆ, ನನ್ನ ಗಾಡಿಯಲ್ಲಿ ಡ್ರಮ್‌ಗಳನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ಆದರೆ ಎರಡು ಕೋಣೆಯ ಮಾಸ್ಟರ್ ಸಿಲಿಂಡರ್ ಹಾಕುವ ಈ ಒಂದು ಮಾರ್ಪಾಡಿನ ವಿಷಯದಲ್ಲಿ ರಾಜಿ ಬೇಡವೆಂದು ಎಲ್ಲರಿಗೂ ಒತ್ತಿ ಹೇಳುತ್ತೇನೆ.

ಮುಂದಿನ ಚಕ್ರಗಳಿಗೆ ಡಿಸ್ಕ್ ಹಾಕುವವರು, ಡಿಸ್ಕನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಕ್ಯಾಲಿಪರ್ ಕೂರಿಸಿ ಸುಮ್ಮನಾಗಬಾರದು. ಕ್ಯಾಲಿಪರಿನ ಪಿಸ್ಟನ್‌ಗೆ ವೀಲ್ ಸಿಲಿಂಡರಿಗಿಂತ ಹೆಚ್ಚು ದ್ರವ ಬೇಕು, ಆದ್ದರಿಂದ ಮಾಸ್ಟರ್ ಸಿಲಿಂಡರ್ ಕೂಡ ಡಿಸ್ಕ್‌ಗೆ ಹೊಂದುವಂಥದ್ದೇ ಆಗಬೇಕು. ಹಳೆಯ ಗಾಡಿಗಳಲ್ಲಿ ಮಾಸ್ಟರ್ ಸಿಲಿಂಡರ್ ಕಾಲಡಿಯ ನೆಲದ ಕೆಳಗೆ, ಕ್ಯಾಲಿಪರ್‌ಗಿಂತ ತಗ್ಗಿನಲ್ಲಿರುವುದರಿಂದ ದ್ರವ ಹಿಂದಕ್ಕೆ ಹರಿದು ಬರುತ್ತದೆ, ಪೆಡಲ್ ಪ್ರತಿ ಸಲವೂ ಆಳಕ್ಕೆ ಇಳಿಯುತ್ತದೆ. ಇದನ್ನು ತಡೆಯಲು ಡಿಸ್ಕ್‌ನ ಪೈಪಿಗೆ 2 ಪಿಎಸ್‌ಐ, ಡ್ರಮ್ಮಿನ ಪೈಪಿಗೆ 10 ಪಿಎಸ್‌ಐ ಒತ್ತಡ ಉಳಿಸುವ ವಾಲ್ವ್‌ಗಳನ್ನು ಹಾಕುವುದು ರೂಢಿ, ಮಾಸ್ಟರ್ ಸಿಲಿಂಡರಿನೊಳಗೇ ಅವು ಇಲ್ಲದಿದ್ದರೆ ಮಾತ್ರ. ಪಿಕಪ್‌ನ ಇನ್ನೊಂದು ವಿಶೇಷವೆಂದರೆ ಲೋಡ್ ಇಲ್ಲದಾಗ ಹಿಂಭಾಗ ಬಹಳ ಹಗುರ. ಜೋರಾಗಿ ಬ್ರೇಕ್ ಒತ್ತಿದಾಗ ಹಿಂದಿನ ಚಕ್ರಗಳು ಮೊದಲು ಲಾಕ್ ಆಗಿ ಗಾಡಿ ಅಡ್ಡ ತಿರುಗುತ್ತದೆ. ಹಿಂದಿನ ಪೈಪಿನ ಒತ್ತಡ ತಗ್ಗಿಸುವ ಪ್ರಪೋರ್ಷನಿಂಗ್ ವಾಲ್ವ್ ಹಾಕಿ, ತೆರೆದ ಖಾಲಿ ಜಾಗದಲ್ಲಿ ನಿಧಾನ ವೇಗದಿಂದ ಆರಂಭಿಸಿ, ಮುಂದಿನವೇ ಮೊದಲು ಲಾಕ್ ಆಗುವಂತೆ ಹೊಂದಿಸಬೇಕು.

ಬ್ರೇಕ್ ದ್ರವದ ದರ್ಜೆಗಳಲ್ಲಿ ಡಾಟ್ 3 ಮತ್ತು ಡಾಟ್ 4 ಒಂದೇ ಜಾತಿಯವು. ಡಾಟ್ 5 ಸಿಲಿಕೋನ್ ಆಗಿದ್ದು ಅವೆರಡರೊಂದಿಗೂ ಬೆರೆಯುವುದಿಲ್ಲ. ಮೊದಲ ಎರಡು ಬಣ್ಣವನ್ನು ಎಬ್ಬಿಸಿಬಿಡುತ್ತವೆ, ಬಣ್ಣಕ್ಕೆ ಮುಂಚೆ ಬ್ರೇಕ್ ಮುಗಿಸಬೇಕೆನ್ನಲು ಇದೂ ಒಂದು ಕಾರಣ. ಪೈಪುಗಳಿಗೆ ತಾಮ್ರ ನಿಕ್ಕಲ್ ಮಿಶ್ರಲೋಹ ಬಳಸಿದರೆ ಕೈಯಲ್ಲೇ ಬಗ್ಗುತ್ತದೆ, ತುಕ್ಕೂ ಹಿಡಿಯುವುದಿಲ್ಲ. ತುದಿಗಳಿಗೆ ಗಾಡಿಯ ಫಿಟ್ಟಿಂಗಿಗೆ ಹೊಂದುವ ಫ್ಲೇರ್ (ಅರಳಿಸಿದ ಅಂಚು) ಮಾಡಿಸಬೇಕು, ನೀರಿನ ನಲ್ಲಿಗೆ ಬಳಸುವ ರೀತಿಯ ಕಂಪ್ರೆಶನ್ ಜಾಯಿಂಟ್ ಇಲ್ಲಿ ಕೂಡದು. ಹಳೆಯ ಲೈನಿಂಗ್‌ಗಳಲ್ಲಿ ಕಲ್ನಾರು ಇರುವ ಸಂಭವವಿರುವುದರಿಂದ ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಹಾರಿಸದೆ, ಒದ್ದೆ ಮಾಡಿ ಒರೆಸಿ ತೆಗೆಯಿರಿ.

ತಾಮ್ರದ ತಂತಿ:

ವೈರಿಂಗ್ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಠಿಣ: ಬಟ್ಟೆಯ ಹೊದಿಕೆಯ ಹಳೆಯ ತಂತಿಗಳನ್ನು ಉಳಿಸಿಕೊಳ್ಳಬಾರದು. ಡ್ಯಾಶ್‌ಬೋರ್ಡಿನ ಹಿಂದೆ ಕೈಹಾಕಿ ಒಂದು ತಂತಿಯನ್ನು ಮೆಲ್ಲಗೆ ಬಾಗಿಸಿ ನೋಡಿ. ಹೊದಿಕೆ ಪುಡಿಪುಡಿಯಾಗಿ ಬೆರಳಿಗೆ ಅಂಟಿ, ಒಳಗೆ ಹೊಳೆಯಬೇಕಾದ ತಾಮ್ರ ಕಪ್ಪಾಗಿ ಕಾಣಿಸಿದರೆ ಆ ಇಡೀ ಕಟ್ಟನ್ನು ತೆಗೆಯಬೇಕೆಂದು ಅರ್ಥ. ಅಂಥ ತಂತಿಗೆ ಅಲ್ಲಲ್ಲಿ ಟೇಪ್ ಸುತ್ತಿ ಬಿಡುವುದರಿಂದಲೇ ಹಳೆಯ ಗಾಡಿಗಳಿಗೆ ಬೆಂಕಿ ಹತ್ತುತ್ತದೆ. ಹಳೆಯ ಕಟ್ಟನ್ನು ಎಸೆಯದೆ, ಪ್ರತಿ ತುದಿಗೂ ಅದು ಎಲ್ಲಿಗೆ ಹೋಗುತ್ತಿತ್ತೆಂದು ಚೀಟಿ ಕಟ್ಟಿ, ಅದನ್ನೇ ಅಳತೆಯಾಗಿ ಇಟ್ಟುಕೊಂಡು ಹೊಸದನ್ನು ಕಟ್ಟಬೇಕು.

1950ರ ದಶಕದ ಮಧ್ಯಭಾಗದವರೆಗಿನ ಅನೇಕ ಗಾಡಿಗಳು 6 ವೋಲ್ಟಿನವು. ಷೆವರ್ಲೆ ಪಿಕಪ್‌ಗಳು 1955ರಲ್ಲೂ, ಫೋರ್ಡ್ ಪಿಕಪ್‌ಗಳು 1956ರಲ್ಲೂ 12 ವೋಲ್ಟಿಗೆ ಬಂದವು. ಫೋರ್ಡಿನ 6 ವೋಲ್ಟ್ ಗಾಡಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರಿರುತ್ತದೆ ಎಂಬುದನ್ನು ಮರೆತು ಆಲ್ಟರ್ನೇಟರ್ ಜೋಡಿಸಿದರೆ ಅದರ ಡಯೋಡ್‌ಗಳು ಕ್ಷಣದಲ್ಲಿ ಸುಟ್ಟುಹೋಗುತ್ತವೆ. 6 ವೋಲ್ಟಿಗೇ ನಿಲ್ಲುವವರು ತಂತಿಯ ದಪ್ಪದಲ್ಲಿ ಜಿಪುಣತನ ಮಾಡಬಾರದು. ಅಷ್ಟೇ ಶಕ್ತಿಗೆ 12 ವೋಲ್ಟಿನ ಎರಡರಷ್ಟು ಕರೆಂಟ್ ಹರಿಯುವುದರಿಂದ, 12 ವೋಲ್ಟಿನ ತೆಳು ಬ್ಯಾಟರಿ ಕೇಬಲ್ ಹಾಕಿದರೆ ಸ್ಟಾರ್ಟರ್ ಸೊರಗುತ್ತದೆ, ದೋಷ ಎಂಜಿನ್ನಿನದೆಂದು ಜನ ತಿಳಿಯುತ್ತಾರೆ. 12 ವೋಲ್ಟಿಗೆ ಬದಲಾಗುವವರು ಬಲ್ಬ್, ಇಗ್ನಿಶನ್ ಕಾಯಿಲ್, ಹೀಟರ್ ಮೋಟರ್ ಮತ್ತು ಮೀಟರ್‌ಗಳನ್ನು ಒಂದೊಂದಾಗಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹೆಡ್‌ಲೈಟಿನ ಕರೆಂಟ್ ಸ್ವಿಚ್ಚಿನ ಮೂಲಕ ಹರಿಯದೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ನಡೆಸುವ ಸ್ವಿಚ್) ಮೂಲಕ ಹರಿಯುವಂತೆ ಮಾಡಿದರೆ ಹಳೆಯ ಸ್ವಿಚ್ಚೂ ಉಳಿಯುತ್ತದೆ, ಬೆಳಕೂ ಹೆಚ್ಚುತ್ತದೆ, ಹೊರಗಿನಿಂದ ನೋಡಿದವರಿಗೆ ಗೊತ್ತೂ ಆಗುವುದಿಲ್ಲ. ಇಂಥ ಕಾಣದ ಮಾರ್ಪಾಡುಗಳೇ ನನಗೆ ಹೆಚ್ಚು ಪ್ರಿಯ. ಬಣ್ಣ ಹೊಡೆದ ಮೇಲೆ ಅರ್ಥಿಂಗ್ ತೊಂದರೆ ಖಂಡಿತ ಬರುತ್ತದೆ, ಏಕೆಂದರೆ ಹೊಸ ಬಣ್ಣ ವಿದ್ಯುತ್ತನ್ನು ತಡೆಯುತ್ತದೆ. ಎಂಜಿನ್, ಚಾಸಿ, ಕ್ಯಾಬಿನ್, ಲೋಡ್ ಬಾಡಿ ಇವುಗಳನ್ನು ಒಂದಕ್ಕೊಂದು ಪಟ್ಟಿ ತಂತಿಯಿಂದ ಜೋಡಿಸಿ, ತಂತಿ ಕೂರುವ ಜಾಗದಲ್ಲಿ ಮಾತ್ರ ಬಣ್ಣ ಕೆರೆದು ಗ್ರೀಸ್ ಹಚ್ಚಿ ಬಿಗಿಸಿ.

ಬೆಸುಗೆ:

ಇದಕ್ಕೆ ಸೇರಿಸಬೇಕಾದದ್ದು, ವೆಲ್ಡಿಂಗ್ ಮಾಡುವಾಗ ಬ್ಯಾಟರಿಯ ತಂತಿಗಳನ್ನೂ ಆಲ್ಟರ್ನೇಟರಿನ ತಂತಿಗಳನ್ನೂ ಬಿಚ್ಚಿಡಬೇಕು. ಅರ್ಥ್ ಕ್ಲ್ಯಾಂಪನ್ನು ಬೆಸೆಯುವ ಜಾಗದ ಹತ್ತಿರದಲ್ಲೇ ಹಾಕಬೇಕು.

ತಗ್ಗಿದ ಕಮಾನು:

ಮಾರ್ಪಾಡಿನ ಪ್ರಶ್ನೆಗೆ ಬರೋಣ. ಪಿಕಪ್ ತಗ್ಗಿಸುವುದು ಬಹಳ ಮಂದಿಯ ಆಸೆ, ನನ್ನದೂ ಹೌದು. ಹಿಂದಿನ ಆಕ್ಸಲ್ ಲೀಫ್ ಸ್ಪ್ರಿಂಗಿನ ಮೇಲೆ ಕೂತಿದೆಯೋ ಕೆಳಗಿದೆಯೋ ಎಂಬುದನ್ನು ಮೊದಲು ನೋಡಬೇಕು. ಮೇಲಿದ್ದರೆ, ಆಕ್ಸಲ್ ಮತ್ತು ಸ್ಪ್ರಿಂಗಿನ ನಡುವೆ 2 ಅಥವಾ 3 ಇಂಚಿನ ಬ್ಲಾಕ್ ಇಟ್ಟು ಉದ್ದನೆಯ ಯು ಬೋಲ್ಟ್ ಹಾಕುವುದು ಸುಲಭದ ದಾರಿ. ಕೆಳಗಿದ್ದರೆ ಆಕ್ಸಲನ್ನು ಸ್ಪ್ರಿಂಗಿನ ಮೇಲಕ್ಕೆ ತರುವ ಕಿಟ್ ಬೇಕು, ಆಗ ಆಕ್ಸಲ್ ಚಾಸಿಗೆ ಬಡಿಯದಂತೆ ಚಾಸಿಯನ್ನು ಅರ್ಧಚಂದ್ರಾಕಾರಕ್ಕೆ ಕತ್ತರಿಸಿ ದಪ್ಪ ತಗಡಿನಿಂದ ಬಲಪಡಿಸಬೇಕು. ಮುಂದಿನ ಆಕ್ಸಲಿಗೆ ಮಾತ್ರ ಬ್ಲಾಕ್ ಇಡಬೇಡಿ. ಬ್ರೇಕ್ ಒತ್ತಿದಾಗ ಅಲ್ಲಿ ಬೀಳುವ ತಿರುಚುವ ಬಲಕ್ಕೆ ಬ್ಲಾಕ್ ಸರಿಯಬಹುದು. ಬಿಚ್ಚಿದ ಯು ಬೋಲ್ಟನ್ನು ಮತ್ತೆ ಬಳಸಬಾರದು, ಅದು ಒಮ್ಮೆ ಬಿಗಿಸಿದಾಗಲೇ ಹಿಗ್ಗಿರುತ್ತದೆ.

ಹಿಂಭಾಗ ತಗ್ಗಿದಾಗ ಹಿಂದಿನ ಆಕ್ಸಲಿನ ಗೇರುಗಳಿರುವ ಡಿಫರೆನ್ಶಿಯಲಿನ ಮೂತಿಯ ಕೋನ ಬದಲಾಗಿ, ಎಂಜಿನ್ ಶಕ್ತಿಯನ್ನು ಅಲ್ಲಿಗೆ ತರುವ ಪ್ರೊಪೆಲ್ಲರ್ ಶಾಫ್ಟ್ ನಡುಗುತ್ತದೆ, ಓರೆಯ ಶಿಮ್ ಇಟ್ಟು ಅದನ್ನು ಸರಿಮಾಡಬೇಕು. ಮುಂಭಾಗದಲ್ಲಿ ಕಿಂಗ್‌ಪಿನ್ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಎಡಬಲಕ್ಕೆ ತಿರುಗುವ ಗೂಟ) ಸವೆದಿದ್ದರೆ ಯಾವ ಅಲೈನ್‌ಮೆಂಟೂ ನಿಲ್ಲುವುದಿಲ್ಲ. ಚಕ್ರವನ್ನು ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ ನೋಡಿ. ಬ್ರೇಕ್ ಒತ್ತಿ ಹಿಡಿದಾಗಲೂ ಅಲುಗಿದರೆ ಕಿಂಗ್‌ಪಿನ್, ಒತ್ತಿದಾಗ ನಿಂತರೆ ಬೇರಿಂಗ್.

ಮಾರ್ಪಾಡುಗಳೆಲ್ಲ ಬೋಲ್ಟಿನಿಂದ ಕೂರುವಂಥವಾಗಿರಲಿ, ತೆಗೆದ ಮೂಲ ಭಾಗಗಳನ್ನು ಎಣ್ಣೆ ಹಚ್ಚಿ ಕಟ್ಟಿಡಿ ಎಂಬುದು ನನ್ನ ಸಲಹೆ. ಮುಂದೊಂದು ದಿನ ನಿಮಗೋ ನಿಮ್ಮ ನಂತರದವರಿಗೋ ಗಾಡಿಯನ್ನು ಮೊದಲಿನಂತೆ ಮಾಡಬೇಕೆನಿಸಿದರೆ ದಾರಿ ತೆರೆದಿರುತ್ತದೆ. ಎಂಜಿನ್ ಅಥವಾ ಚಾಸಿಗೆ ಸಂಬಂಧಿಸಿದ ಬದಲಾವಣೆಗೆ ಮುಂಚೆ, ನೋಂದಣಿಯ ನಿಯಮ ಏನು ಹೇಳುತ್ತದೆಂದು ನಿಮ್ಮ ಕಡೆಯ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಚಾಸಿಯ ಮೇಲೆ ಕೊರೆದ ಸಂಖ್ಯೆಯ ಮೇಲೆ ಗ್ರೈಂಡರ್ ಆಡಬಾರದು, ಮರಳು ಊದಿಸುವಾಗಲೂ ಅದನ್ನು ಮುಚ್ಚಿಡಬೇಕು.

ಹಳೆಯ ಚಾಸಿ:

ಇಲ್ಲಿ ‘ತಗ್ಗಿದ ಕಮಾನು’ ಅವರ ಮಾತಿಗೆ ನನ್ನ ದನಿಯನ್ನೂ ಸೇರಿಸುತ್ತೇನೆ. ಆದರೆ ಅಂದದ ಮಾರ್ಪಾಡಿಗೆ ಮುಂಚೆ ಸುರಕ್ಷತೆಯ ಎರಡು ಮಾರ್ಪಾಡುಗಳನ್ನು ಯೋಚಿಸಿ. ಹಲವು ಹಳೆಯ ಪಿಕಪ್‌ಗಳಲ್ಲಿ ಪೆಟ್ರೋಲ್ ಟ್ಯಾಂಕ್ ಕ್ಯಾಬಿನ್ನಿನ ಒಳಗೆ, ಸೀಟಿನ ಬೆನ್ನ ಹಿಂದೆಯೇ ಇರುತ್ತದೆ. ಷೆವರ್ಲೆ ಪಿಕಪ್‌ಗಳಲ್ಲಿ 1972ರ ಮಾದರಿಯವರೆಗೂ ಹಾಗೆ ಇತ್ತು. ಅದನ್ನು ಲೋಡ್ ಬಾಡಿಯ ಕೆಳಗೆ, ಚಾಸಿಯ ಎರಡು ತೊಲೆಗಳ ನಡುವೆ ಸಾಗಿಸಿದರೆ ವಾಸನೆಯೂ ಹೋಗುತ್ತದೆ, ಅಪಾಯವೂ ತಗ್ಗುತ್ತದೆ. ಎರಡನೆಯದು ಸೀಟ್ ಬೆಲ್ಟ್. ಹಳೆಯ ನೆಲದ ತಗಡಿಗೆ ಬರೀ ವಾಷರ್ ಹಾಕಿ ಬೋಲ್ಟ್ ಬಿಗಿಸಿದರೆ ಅಪಘಾತದಲ್ಲಿ ಅದು ಕಿತ್ತುಬರುತ್ತದೆ, ಆದ್ದರಿಂದ ಅಡಿಯಲ್ಲಿ ಅಗಲವಾದ ದಪ್ಪ ತಗಡಿನ ಪಟ್ಟಿ ಇಡಲೇಬೇಕು.

ಮಂದಗತಿ:

ಎಂಜಿನ್ ತಿರುಗಿತು. ಎಣ್ಣೆ ಹಾಕಿ ಬಿಟ್ಟು, ನೀವು ಹೇಳಿದ ಹಾಗೆ ಆಡಿಸುತ್ತಾ ಬಂದೆ, ವಾಲ್ವ್‌ಗಳೆಲ್ಲ ಏರಿಳಿಯುತ್ತಿವೆ. ಬಹಳ ಸಂತೋಷವಾಗಿದೆ. ಈಗ ಬ್ರೇಕ್ ಕೆಲಸ ಆರಂಭಿಸುತ್ತೇನೆ. ಬಣ್ಣ ಇನ್ನೂ ದೂರದ ಮಾತು, ಆದರೂ ಕೇಳುತ್ತೇನೆ: ಮನೆಯಲ್ಲೇ ಸ್ಪ್ರೇ ಮಾಡಬಹುದೇ? ಸಣ್ಣ ಭಾಗಗಳ ತುಕ್ಕನ್ನು ಕೆರೆಯದೆ ತೆಗೆಯುವ ವಿಧಾನವಿದೆಯೇ? ಲೋಡ್ ಬಾಡಿಯ ಮರದ ಹಲಗೆಗಳು ಕೊಳೆತಿವೆ, ಅವಕ್ಕೆ ಏನು ಮಾಡುವುದು?

ಎರಡನೇ ಕೋಟ್:

ಬಣ್ಣದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಮನೆಯಲ್ಲಿ ಮಾಡಬಹುದಾದ ಕೆಲಸ ಬಹಳಷ್ಟಿದೆ, ಆದರೆ ಕೊನೆಯ ಕೋಟ್‌ನ ವಿಷಯದಲ್ಲಿ ನಾನು ಮನೆಯವರ ಆರೋಗ್ಯವನ್ನು ಮುಂದಿಟ್ಟು ಮಾತನಾಡುತ್ತೇನೆ. ಹಾರ್ಡ್‌ನರ್ ಬೆರೆಸುವ ಈಗಿನ ಎರಡು ಡಬ್ಬಿಯ ಬಣ್ಣ ಮತ್ತು ಕ್ಲಿಯರ್ ಕೋಟ್‌ಗಳಲ್ಲಿ ಐಸೊಸಯನೇಟ್ ಇರುತ್ತದೆ. ಅದಕ್ಕೆ ಹೇಳಿಕೊಳ್ಳುವಂಥ ವಾಸನೆಯಿಲ್ಲ, ಆದ್ದರಿಂದ ಫಿಲ್ಟರ್ ಮುಗಿದದ್ದು ಮೂಗಿಗೆ ತಿಳಿಯುವುದಿಲ್ಲ. ಒಮ್ಮೆ ದೇಹ ಅದಕ್ಕೆ ಸಂವೇದನಶೀಲವಾದರೆ ಆಮೇಲೆ ಅತಿ ಸ್ವಲ್ಪಕ್ಕೂ ಅಸ್ತಮಾ ಬರಬಹುದು. ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮುಖವಾಡ, ಮೈ ಮುಚ್ಚುವ ಉಡುಪು, ಬೇರೆಯವರು ಸುಳಿಯದ ಜಾಗ, ಈ ಮೂರೂ ಇಲ್ಲದಿದ್ದರೆ ಪ್ರೈಮರ್ ಮತ್ತು ಉಜ್ಜುವ ಕೆಲಸವನ್ನು ನೀವು ಮುಗಿಸಿ, ಕೊನೆಯ ಸ್ಪ್ರೇಯನ್ನು ಬೂತ್ ಇರುವ ಕಡೆ ಮಾಡಿಸಿ. ಹಂತಹಂತವಾಗಿ ಕೆಲಸ ಮಾಡಿದವರ ಗಾಡಿ ಆಗ ತಾನೇ ಓಡಿಕೊಂಡು ಅಲ್ಲಿಗೆ ಹೋಗಬಲ್ಲುದು.

ತಯಾರಿಯೇ ಬಣ್ಣದ ಮುಕ್ಕಾಲು ಪಾಲು. ಹಳೆಯ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಒಣಗಿದ್ದಾಗ ಉಜ್ಜದೆ, ನೀರು ಹಾಕಿ ಉಜ್ಜಿ, ಮಾಸ್ಕ್ ಧರಿಸಿ. ಬರಿ ಲೋಹದ ಮೇಲೆ ಎಪಾಕ್ಸಿ ಪ್ರೈಮರ್ ಮೊದಲು ಬರಲಿ, ಪುಟ್ಟಿ ಅದರ ಮೇಲೆ ಬರಲಿ. ಪುಟ್ಟಿ ತೇವವನ್ನು ಹೀರುವ ವಸ್ತು, ಅದರಡಿಯ ಲೋಹ ಮೊಹರಾಗಿರದಿದ್ದರೆ ತುಕ್ಕು ಒಳಗಿನಿಂದ ಮತ್ತೆ ಎದ್ದು ಬರುತ್ತದೆ. ಪುಟ್ಟಿಯ ದಪ್ಪ 3 ಮಿಲಿಮೀಟರ್ ಮೀರುವಂತಿದ್ದರೆ ಡೆಂಟನ್ನು ಇನ್ನಷ್ಟು ತಟ್ಟಿ ಎಬ್ಬಿಸಬೇಕೆಂದು ತಿಳಿಯಿರಿ. ಉದ್ದನೆಯ ಮರದ ಹಲಗೆಗೆ ಉಪ್ಪುಕಾಗದ ಸುತ್ತಿ, 80ರಿಂದ ಆರಂಭಿಸಿ 180, 320 ಎಂದು ಏರುತ್ತಾ, ಬಣ್ಣಕ್ಕೆ ಮುಂಚೆ 400ರಿಂದ 600ರಷ್ಟು ನುಣುಪಿಗೆ ತನ್ನಿ. ನಡುವೆ ತೆಳುವಾಗಿ ಕಪ್ಪು ಬಣ್ಣ ತೂರಿ ಉಜ್ಜಿದರೆ ತಗ್ಗುಗಳಲ್ಲಿ ಕಪ್ಪು ಉಳಿದು ದಿಣ್ಣೆಗಳಲ್ಲಿ ಮಾಯವಾಗುತ್ತದೆ; ಅಂಗೈ ಮೋಸಹೋಗುವ ಕಡೆ ಆ ಕಪ್ಪು ಮೋಸಹೋಗುವುದಿಲ್ಲ. ಕಡೆಗೆ, ಬಾಗಿಲು ಮತ್ತು ಹೊಸ್ತಿಲಿನ ಟೊಳ್ಳುಗಳೊಳಗೆ ಮೇಣದ ದ್ರಾವಣ ಸಿಂಪಡಿಸಿ, ನೀರು ಇಳಿಯುವ ರಂಧ್ರಗಳನ್ನು ತೆರೆದೇ ಇಡಿ.

ಬೆಸುಗೆ:

ತುಕ್ಕಿಗೆ ವಿದ್ಯುತ್ ವಿಧಾನ ಚೆನ್ನಾಗಿದೆ. ಪ್ಲಾಸ್ಟಿಕ್ ತೊಟ್ಟಿಯಲ್ಲಿ ನೀರು, 4 ಲೀಟರಿಗೆ ಒಂದು ದೊಡ್ಡ ಚಮಚದಂತೆ ವಾಷಿಂಗ್ ಸೋಡಾ, ಬ್ಯಾಟರಿ ಚಾರ್ಜರಿನ ನೆಗೆಟಿವ್ ತುದಿ ತುಕ್ಕಿನ ಭಾಗಕ್ಕೆ, ಪಾಸಿಟಿವ್ ತುದಿ ಒಂದು ಬೇಡದ ಕಬ್ಬಿಣದ ತುಂಡಿಗೆ. ಎರಡು ತುದಿ ಒಂದಕ್ಕೊಂದು ತಾಗಬಾರದು. ಪಾಸಿಟಿವ್ ಕಡೆಗೆ ಸ್ಟೇನ್‌ಲೆಸ್ ಸ್ಟೀಲ್ ಬೇಡವೇ ಬೇಡ, ಅದರಿಂದ ವಿಷಕಾರಿ ಕ್ರೋಮಿಯಂ ಸಂಯುಕ್ತ ನೀರಿಗೆ ಸೇರುತ್ತದೆ. ಹೈಡ್ರೋಜನ್ ಹೊರಬರುವುದರಿಂದ ಬಯಲಿನಲ್ಲಿಡಿ, ತಂತಿ ತೆಗೆಯುವ ಮುಂಚೆ ಚಾರ್ಜರ್ ಆರಿಸಿ. ಸ್ಪ್ರಿಂಗ್ ಮತ್ತು ಗಡಸು ಬೋಲ್ಟ್‌ಗಳನ್ನು ಇದರಲ್ಲಿ ಹಾಕಬೇಡಿ, ಹೈಡ್ರೋಜನ್ ಹೀರಿ ಅವು ಪೆಡಸಾಗುತ್ತವೆ. ಅಲ್ಯೂಮಿನಿಯಂ ಭಾಗಗಳನ್ನು ಸೋಡಾ ನೀರು ತಿಂದುಬಿಡುತ್ತದೆ.

ಮರದ ಹಲಗೆಗಳ ನಡುವೆ ಉಕ್ಕಿನ ಪಟ್ಟಿಗಳಿರುತ್ತವೆ, ಅವುಗಳ ಬೋಲ್ಟ್‌ಗಳೇ ಹಲಗೆಯನ್ನು ಹಿಡಿಯುತ್ತವೆ. ಹೊಸ ಹಲಗೆಯ ನಾಲ್ಕೂ ಬದಿಗೆ, ವಿಶೇಷವಾಗಿ ತುದಿಗಳಿಗೆ, ಕೂರಿಸುವ ಮುಂಚೆಯೇ ಎಣ್ಣೆಯನ್ನೋ ವಾರ್ನಿಷನ್ನೋ ಕುಡಿಸಿ, ಮರ ಹಿಗ್ಗಲು ಸಂದು ಬಿಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ಅದು ತಾನಾಗಿಯೇ ಕಾದು ಹೊತ್ತಿಕೊಳ್ಳುತ್ತದೆ. ಬಿಡಿಸಿ ಹೊರಗೆ ಒಣಹಾಕಿ.

ನಾಲ್ಕು ಡ್ರಮ್:

‘ಮಂದಗತಿ’ ಅವರೇ, ಬ್ರೇಕ್ ಮುಗಿಸಿ ಮೊದಲ ಸಲ ಹೊರಗೆ ತೆಗೆಯುವ ಮುಂಚೆ ಹೀಗೆ ಮಾಡಿ. ಎಂಜಿನ್ ಆರಿಸಿಯೇ ಪೆಡಲನ್ನು ಬಲವಾಗಿ ಒಂದು ನಿಮಿಷ ಒತ್ತಿ ಹಿಡಿದು, ಅದು ಮೆಲ್ಲಗೆ ಇಳಿಯುತ್ತಿಲ್ಲವೆಂದು ನೋಡಿ. ಇಳಿದರೆ ಎಲ್ಲೋ ಸೋರಿಕೆಯಿದೆ, ಅಥವಾ ಮಾಸ್ಟರ್ ಸಿಲಿಂಡರಿನ ಸೀಲ್ ಒಳಗೊಳಗೇ ಬಿಡುತ್ತಿದೆ. ಇನ್ನೊಬ್ಬರು ಪೆಡಲ್ ಒತ್ತಿರುವಾಗ ನೀವು ಟಾರ್ಚ್ ಹಿಡಿದು ಪ್ರತಿ ಜಾಯಿಂಟಿನ ಕೆಳಗೂ ಒಣ ಕಾಗದ ಒತ್ತಿ ಪರೀಕ್ಷಿಸಿ. ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಭದ್ರವಾಗಿ ಕೂರಿಸದೆ, ಬರಿಯ ಜ್ಯಾಕ್ ನಂಬಿ ಅಡಿಗೆ ಹೋಗಬಾರದು. ಮೊದಲ ಓಟ ಸಮತಟ್ಟಾದ ಖಾಲಿ ಜಾಗದಲ್ಲಿ, ನಡೆಯುವ ವೇಗದಲ್ಲಿರಲಿ. ಮರಳಿ ಬಂದ ಕೂಡಲೇ ನಾಲ್ಕೂ ಡ್ರಮ್ಮಿನ ಹತ್ತಿರ ಅಂಗೈ ತಂದು ನೋಡಿ. ಒಂದು ಮಾತ್ರ ಉಳಿದವುಗಳಿಗಿಂತ ಬಿಸಿಯಾಗಿದ್ದರೆ ಅದರ ಶೂ ಹಿಡಿದುಕೊಂಡಿದೆ. ವೀಲ್ ನಟ್‌ಗಳನ್ನು 80ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಟಾರ್ಕ್ ರೆಂಚಿನಿಂದ ಬಿಗಿಸಿ. ಹೊಸ ಯು ಬೋಲ್ಟ್ ಹಾಕಿದ್ದರೆ ಅವನ್ನೂ ಅದೇ ಹೊತ್ತಿಗೆ ನೋಡಿಬಿಡಿ.